ಅಪ್ಪ ಅಮ್ಮನಿಗೆ ಮರೆವು ಅನ್ನುವ ಮೊದಲು ಕಿವಿ ಪರೀಕ್ಷೆ ಮಾಡಿಸಿ

ಅರವತ್ತಕ್ಕೆ ಅರಳು ಮರಳು ಅಂತ ಹೇಳಿ ನಾವು ಎಷ್ಟೋ ವಿಷಯವನ್ನು ಅಲ್ಲಿಗೇ ಬಿಟ್ಟುಬಿಡುತ್ತೇವೆ. ಬೆಳಿಗ್ಗೆ ಹೇಳಿದ್ದನ್ನು ಅಮ್ಮ ಸಂಜೆ ಮತ್ತೆ ಕೇಳುತ್ತಾರೆ. ಒಂದು ಕೇಳಿದರೆ ಅಪ್ಪ ಇನ್ನೊಂದು ಉತ್ತರ ಕೊಡುತ್ತಾರೆ. ನೆಂಟರು ಬಂದಾಗ ಸ್ವಲ್ಪ ಹೊತ್ತು ಕೂತು ಸುಮ್ನೆ ಎದ್ದು ರೂಮಿಗೆ ಹೋಗುತ್ತಾರೆ. ಇದು ಮೆದುಳಿನ ತೊಂದರೆ ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಇದು ಶುರುವಾಗಿದ್ದು ಕಿವಿಯಿಂದ. ಹೇಳಿದ್ದೇ ಸರಿಯಾಗಿ ಕೇಳಿಸದಿದ್ದರೆ ನೆನಪಿಟ್ಟುಕೊಳ್ಳುವುದಾದರೂ ಏನನ್ನು?

ಅದರ ಜೊತೆಗೆ ಇನ್ನೊಂದು ಮಾತಿದೆ. ಕಿವಿ ಮಂದವಾಗಿ, ಅದಕ್ಕೆ ಏನೂ ಮಾಡದೆ ವರ್ಷಗಟ್ಟಲೆ ಹಾಗೇ ಇದ್ದವರಲ್ಲಿ ಡಿಮೆನ್ಷಿಯಾ, ಅಂದರೆ ಮೆದುಳಿನ ಕಾಯಿಲೆಯಿಂದ ಬರುವ ಮರೆವು, ಜಾಸ್ತಿ ಕಾಣಿಸುತ್ತದೆ. ಹಾಗಾಗಿ ಮನೆಯಲ್ಲಿ ಅರವತ್ತು ದಾಟಿದವರಿದ್ದರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ, ಎಲ್ಲಿ ಹೋಗಬೇಕು, ಎಲ್ಲಿ ದುಡ್ಡು ಹಾಳಾಗುತ್ತದೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಕಿವಿಗೂ ಮರೆವಿಗೂ ಏನು ನಂಟು

ವಾಟ್ಸಾಪ್‌ನಲ್ಲಿ ಓಡಾಡುವ "ಕಿವಿ ಕೇಳಿಸದಿದ್ದರೆ ಮೆದುಳು ಸಾಯುತ್ತೆ" ಅನ್ನುವ ಮಾತನ್ನು ಪಕ್ಕಕ್ಕಿಡಿ. ಗೊತ್ತಿರುವುದು ಇಷ್ಟು.

ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ಫ್ರಾಂಕ್ ಲಿನ್ ಮತ್ತು ಜೊತೆಗಾರರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 639 ಜನರನ್ನು ಸುಮಾರು ಹನ್ನೆರಡು ವರ್ಷ ಗಮನಿಸಿದ್ದರು. ಕಿವಿ ಚೆನ್ನಾಗಿದ್ದವರಿಗೆ ಹೋಲಿಸಿದರೆ, ಸ್ವಲ್ಪ ಮಂದವಿದ್ದವರಲ್ಲಿ ಡಿಮೆನ್ಷಿಯಾ ಬರುವ ಸಾಧ್ಯತೆ ಹೆಚ್ಚುಕಮ್ಮಿ ಎರಡು ಪಟ್ಟು, ಮಧ್ಯಮ ಮಟ್ಟದವರಲ್ಲಿ ಮೂರು ಪಟ್ಟು, ತೀವ್ರವಾಗಿದ್ದವರಲ್ಲಿ ಸುಮಾರು ಐದು ಪಟ್ಟು ಕಂಡಿತು. ಆಮೇಲೆ ಬೇರೆ ದೇಶಗಳಲ್ಲೂ ಇದೇ ದಿಕ್ಕಿನ ಫಲಿತಾಂಶಗಳು ಬಂದಿವೆ.

ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಕೊಟ್ಟ ವರದಿಯಲ್ಲಿ, ನಾವು ಬದಲಾಯಿಸಬಹುದಾದ 14 ಕಾರಣಗಳ ಪಟ್ಟಿ ಇದೆ. ಬಿಪಿ, ಶುಗರ್, ಬೀಡಿ ಸಿಗರೇಟು, ಒಂಟಿತನ ಎಲ್ಲ ಅದರಲ್ಲಿವೆ. ಎಲ್ಲವನ್ನೂ ಸರಿಪಡಿಸಲು ಸಾಧ್ಯವಾದರೆ ಸುಮಾರು 45% ಡಿಮೆನ್ಷಿಯಾವನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಅನ್ನುವುದು ಅವರ ಅಂದಾಜು. ಅದರಲ್ಲಿ ಕಿವಿಯ ಪಾಲು 7%. ಕೆಟ್ಟ ಕೊಲೆಸ್ಟರಾಲ್‌ಗೂ ಅಷ್ಟೇ ಪಾಲು. ಉಳಿದ ಹನ್ನೆರಡರಲ್ಲಿ ಯಾವುದೂ ಅಷ್ಟು ದೊಡ್ಡದಲ್ಲ.

ಹಾಗಂದರೆ ಹಿಯರಿಂಗ್ ಏಡ್ ಹಾಕಿಸಿದರೆ ಮರೆವು ಬರುವುದೇ ಇಲ್ಲವಾ? ಹಾಗೆ ಹೇಳಿ ಮಷೀನು ಮಾರುವವರಿದ್ದಾರೆ, ನಂಬಬೇಡಿ. ಇದನ್ನು ಪರೀಕ್ಷಿಸಿದ ದೊಡ್ಡ ಪ್ರಯೋಗ ಅಮೆರಿಕದ ಅಚೀವ್. ಅದರ ಫಲಿತಾಂಶ ಬಂದಿದ್ದು 2023ರಲ್ಲಿ. 70ರಿಂದ 84 ವರ್ಷದ 977 ಜನರಲ್ಲಿ ಅರ್ಧ ಜನರಿಗೆ ಹಿಯರಿಂಗ್ ಏಡ್ ಮತ್ತು ಆಡಿಯಾಲಜಿಸ್ಟ್ (ಕಿವಿ ಎಷ್ಟು ಕೇಳಿಸುತ್ತದೆ ಅಂತ ಪರೀಕ್ಷಿಸಿ ಮಷೀನು ಹೊಂದಿಸುವ ತಜ್ಞರು) ಸಲಹೆ ಕೊಟ್ಟರು, ಉಳಿದವರಿಗೆ ಆರೋಗ್ಯದ ಬಗ್ಗೆ ತಿಳಿವಳಿಕೆ ಮಾತ್ರ. ಮೂರು ವರ್ಷ ಕಳೆದ ಮೇಲೆ ಒಟ್ಟಾರೆ ನೋಡಿದರೆ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರೊಳಗೇ ವಯಸ್ಸು ಜಾಸ್ತಿ, ಬಿಪಿ ಶುಗರ್ ಇದ್ದ, ಮೊದಲೇ ಅಪಾಯ ಹೆಚ್ಚಿದ್ದ ಒಂದು ಗುಂಪಿತ್ತು. ಅವರಲ್ಲಿ ಮೆದುಳಿನ ಸಾಮರ್ಥ್ಯ ಕುಸಿಯುವ ವೇಗ 48% ಕಡಿಮೆಯಾಗಿತ್ತು. ನಮ್ಮ ಮನೆಗಳ ಹಿರಿಯರನ್ನು ನೋಡಿ. ಎಪ್ಪತ್ತು ದಾಟಿದೆ, ಶುಗರ್ ಇದೆ, ಬಿಪಿ ಮಾತ್ರೆ ನಡೆಯುತ್ತಿದೆ. ಇವರು ಯಾವ ಗುಂಪಿಗೆ ಹತ್ತಿರ ಅಂತ ನೀವೇ ಹೇಳಿ.

ಇದು ಯಾಕೆ ಹೀಗೆ ಆಗುತ್ತದೆ ಅನ್ನುವುದಕ್ಕೆ ಮೂರ್ನಾಲ್ಕು ವಿವರಣೆಗಳಿವೆ, ಬಹುಶಃ ಎಲ್ಲವೂ ಸ್ವಲ್ಪ ಸ್ವಲ್ಪ ನಿಜ. ಅರ್ಧಂಬರ್ಧ ಕೇಳಿಸಿದ ಮಾತನ್ನು ಊಹಿಸಿ ಜೋಡಿಸುವುದಕ್ಕೇ ಮೆದುಳಿನ ಶಕ್ತಿ ಖರ್ಚಾಗುತ್ತದೆ, ನೆನಪಿಗೆ ಉಳಿಯುವುದು ಕಡಿಮೆ. ಶಬ್ದ ತಲುಪದೇ ಇದ್ದರೆ ಅದನ್ನು ಸಂಭಾಳಿಸುವ ಮೆದುಳಿನ ಭಾಗಕ್ಕೆ ಕೆಲಸ ತಪ್ಪುತ್ತದೆ. ಜನರ ಜೊತೆ ಬೆರೆಯುವುದು ನಿಲ್ಲುತ್ತದೆ. ಇದು ಎಲ್ಲಕ್ಕಿಂತ ದೊಡ್ಡ ಹೊಡೆತ ಅಂತ ನನಗನ್ನಿಸುತ್ತದೆ, ಯಾಕೆಂದರೆ ಹಳ್ಳಿಯಲ್ಲಿ ಕಟ್ಟೆ ಮೇಲೆ ಕೂತು ಹರಟುತ್ತಿದ್ದ ಮನುಷ್ಯ "ಅವರು ಹೇಳಿದ್ದು ಗೊತ್ತಾಗಲ್ಲ, ನಗ್ತಾರೆ" ಅಂತ ಹೋಗುವುದನ್ನೇ ಬಿಟ್ಟರೆ ಆಮೇಲೆ ಅವರ ದಿನದಲ್ಲಿ ಉಳಿಯುವುದು ಟಿವಿ ಮತ್ತು ನಿದ್ದೆ. ಇನ್ನು ಶುಗರ್, ಬಿಪಿಯಂಥವು ರಕ್ತನಾಳಗಳನ್ನು ಕೆಡಿಸಿ ಕಿವಿ ಮೆದುಳು ಎರಡನ್ನೂ ಒಟ್ಟಿಗೇ ಹಾಳುಮಾಡುವುದೂ ಇದೆ.

ಮನೆಯಲ್ಲೇ ಗುರುತು ಹಿಡಿಯುವುದು

ವಯಸ್ಸಾದಂತೆ ಕಿವಿ ಒಮ್ಮೆಲೇ ಮುಚ್ಚಿಹೋಗುವುದಿಲ್ಲ. ಮೊದಲು ಹೋಗುವುದು ತೀಕ್ಷ್ಣ ಶಬ್ದಗಳು. ಅಂದರೆ ಹಕ್ಕಿ ದನಿ, ವಾಚಿನ ಬೀಪ್, ಮಾತಿನಲ್ಲಿ ಸ, ಶ, ಚ, ಕ, ತ, ಪ ಇಂಥವು. ಆ, ಓ, ಊ ಎಲ್ಲ ಚೆನ್ನಾಗಿ ಕೇಳಿಸುತ್ತಿರುತ್ತವೆ. ಅದಕ್ಕೇ ಅವರು ಹೇಳುವುದು, "ಕೇಳಿಸುತ್ತೆ ಕಣಪ್ಪ, ಏನು ಅಂತಲೇ ತಿಳಿಯಲ್ಲ". ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹತ್ತು, ಕತ್ತು, ಸತ್ತು ಎಲ್ಲ ಅವರಿಗೆ ಒಂದೇ ಥರ ಕೇಳಿಸುತ್ತಿರಬಹುದು.

ಕಿವಿ ಮಂದವಾಗಿದೆ ಅಂತ ಹಿರಿಯರು ತಾವಾಗಿ ಒಪ್ಪುವುದು ಕಡಿಮೆ. "ನೀವೇ ಗೊಣಗ್ತೀರ" ಅನ್ನುತ್ತಾರೆ. ಹಾಗಾಗಿ ಕೇಳುವುದಕ್ಕಿಂತ ಗಮನಿಸುವುದು ಒಳ್ಳೆಯದು. ಟಿವಿ ಸೌಂಡ್ ಬೀದಿಗೆ ಕೇಳಿಸುವಷ್ಟಿದೆಯಾ. ಫೋನ್ ಬಂದರೆ ನಿಮ್ಮ ಕೈಗೇ ಕೊಡುತ್ತಾರಾ, ಇಲ್ಲ ಯಾವಾಗಲೂ ಒಂದೇ ಕಿವಿಗೆ ಹಿಡಿಯುತ್ತಾರಾ. ಎದುರಿಗೆ ಕೂತು ಮಾತಾಡಿದರೆ ಸರಿಯಾಗಿ ಉತ್ತರಿಸುವವರು ಅಡುಗೆಮನೆಯಿಂದ ಕೂಗಿದರೆ ಉತ್ತರಿಸುವುದಿಲ್ಲವಾ. ಮಕ್ಕಳ ಮತ್ತು ಹೆಂಗಸರ ಸಣ್ಣ ದನಿ ತಿಳಿಯುವುದಿಲ್ಲ, ಗಂಡಸರ ದಪ್ಪ ದನಿ ತಿಳಿಯುತ್ತದೆ ಅಂತಿದೆಯಾ. ಮದುವೆ ಛತ್ರದಲ್ಲಿ, ಓಲಗದ ಸದ್ದಿನ ನಡುವೆ, ಏನು ಕೇಳಿದರೂ ಸುಮ್ನೆ ನಕ್ಕು ತಲೆಯಾಡಿಸುತ್ತಾರಾ. ಈ ಕೊನೆಯದು ತುಂಬ ಜನ ಗಮನಿಸುವುದೇ ಇಲ್ಲ. ನಕ್ಕು ತಲೆಯಾಡಿಸಿದರೆ ಕೇಳಿಸಿತು ಅಂತ ಅಲ್ಲ, "ಮತ್ತೆ ಕೇಳಿ ಯಾಕೆ ಬೇಜಾರು ಮಾಡಬೇಕು" ಅಂತ.

ಸ್ಮಾರ್ಟ್‌ಫೋನ್ ಇದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಹಿಯರ್‌ಹೂ ಆ್ಯಪ್ ಉಚಿತವಾಗಿದೆ. ಗದ್ದಲದ ನಡುವೆ ಅಂಕಿಗಳನ್ನು ಕೇಳಿಸಿ, ಕೇಳಿಸಿದ್ದನ್ನು ಒತ್ತಲು ಹೇಳುತ್ತದೆ. ನಿಮ್ಮ ಕಿವಿಗೂ ಒಂದು ಸಲ ಮಾಡಿಕೊಳ್ಳಿ, ತಪ್ಪಿಲ್ಲ. ಆದರೆ ಇದು ಡಾಕ್ಟರ ಹತ್ತಿರ ಹೋಗಬೇಕೋ ಬೇಡವೋ ಅಂತ ತಿಳಿಯುವುದಕ್ಕೆ ಮಾತ್ರ.

ಕಿವಿಯೋ, ಮರೆವೋ?

ಎರಡೂ ಇರಬಹುದು. ಆದರೂ ಮನೆಯಲ್ಲೇ ಒಂದಿಷ್ಟು ಅಂದಾಜು ಮಾಡಬಹುದು. ಟಿವಿ, ಫ್ಯಾನ್ ಎರಡೂ ಆರಿಸಿ. ಬೆಳಕಿರುವ ಕಡೆ, ಮೂರಡಿ ದೂರದಲ್ಲಿ, ಮುಖ ಕಾಣುವ ಹಾಗೆ ಕೂತು ನಿಧಾನವಾಗಿ ಒಂದು ವಿಷಯ ಹೇಳಿ. "ಗುರುವಾರ ಚಿಕ್ಕಪ್ಪ ಬರ್ತಾರೆ, ಬ್ಯಾಂಕಿಗೆ ಹೋಗ್ಬೇಕು" ಅನ್ನಿ. ಅವರ ಬಾಯಲ್ಲೇ ಒಂದು ಸಲ ಹೇಳಿಸಿ. ಸರಿಯಾಗಿ ಹೇಳಿದರೆ ಮಾತು ಒಳಗೆ ಹೋಗಿದೆ ಅಂತಾಯಿತು. ಅರ್ಧ ಗಂಟೆ ಬಿಟ್ಟು ಕೇಳಿ. ಹೀಗೆ ಹೇಳಿದ್ದು ನೆನಪಿರುತ್ತದೆ, ಹಿಂದಿನಿಂದ ಕೂಗಿ ಹೇಳಿದ್ದು ಮಾತ್ರ ನೆನಪಿರುವುದಿಲ್ಲ ಅಂದರೆ ಕಿವಿಯ ಮೇಲೆ ಅನುಮಾನ ಜಾಸ್ತಿ. ಚೀಟಿಯಲ್ಲಿ ಬರೆದು ಕೊಟ್ಟಿದ್ದೂ ಮರೆತುಹೋಗುತ್ತದೆ, ವರ್ಷಗಟ್ಟಲೆ ಮಾಡಿದ ಸಾರನ್ನು ಹೇಗೆ ಮಾಡುವುದು ಅಂತ ತಡಬಡಾಯಿಸುತ್ತಾರೆ, ನಡೆದು ಗೊತ್ತಿರುವ ದಾರಿ ತಪ್ಪುತ್ತಾರೆ, ದುಡ್ಡಿನ ಲೆಕ್ಕ ಗೊಂದಲವಾಗುತ್ತದೆ ಅಂದರೆ ಅದು ಬರೀ ಕಿವಿಯಲ್ಲ. ಆಗ ಮೆದುಳಿನ ಡಾಕ್ಟರನ್ನೂ ನೋಡಬೇಕು, ಕಾಯಬಾರದು.

ಮೆಮೊರಿ ಟೆಸ್ಟಿಗೆ ಕರೆದುಕೊಂಡು ಹೋಗುವವರು ಇದನ್ನು ಗಮನಿಸಿ. ಆ ಪರೀಕ್ಷೆಯ ಬಹುಪಾಲು ನಡೆಯುವುದು ಬಾಯಿಮಾತಿನಲ್ಲಿ. ನಮ್ಮ ದೊಡ್ಡಮ್ಮನನ್ನು ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆವು. ತಲೆ ಮೇಲೆ ಫ್ಯಾನು ಗಿರಗಿರ, ಬಾಗಿಲಾಚೆ ಟೋಕನ್ ನಂಬರ್ ಕೂಗುತ್ತಿದ್ದಾರೆ. ಮಾಸ್ಕ್ ಹಾಕಿದ್ದ ಹುಡುಗಿ ಫೈಲು ನೋಡಿಕೊಂಡೇ ಮೂರು ಪದ ಹೇಳಿ, ವಾಪಸ್ ಹೇಳಿ ಅಜ್ಜಿ ಅಂದಳು. ಅದರಲ್ಲಿ ಕತ್ತರಿ ಅಂತ ಒಂದಿತ್ತು. ದೊಡ್ಡಮ್ಮ ನನ್ನ ಕಡೆ ತಿರುಗಿ, "ಅತ್ತಿಗೆ ವಿಷಯ ಇವಳಿಗ್ಯಾಕೆ?" ಅಂದರು. ಹುಡುಗಿ ಸೊನ್ನೆ ಬರೆದಳು. ನಾವು ಕೇಳಿಕೊಂಡ ಮೇಲೆ ಮಾಸ್ಕ್ ಕೆಳಗಿಳಿಸಿ, ಫ್ಯಾನ್ ಆರಿಸಿ, ಎದುರಿಗೆ ಕೂತು ಮತ್ತೆ ಹೇಳಿದಳು. ದೊಡ್ಡಮ್ಮ ಮೂರೂ ಪದ ಹೇಳಿದರು, ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಹೇಳಿದರು. ಕಾಗದದ ಮೇಲೆ ಬರುವ ಅಂಕ ಎಷ್ಟು ಬದಲಾಗುತ್ತದೆ ನೋಡಿ.

ಹಾಗಾಗಿ ಕ್ರಮ ಹೀಗಿರಲಿ. ಮೊದಲು ಕಿವಿ ಪರೀಕ್ಷೆ, ಕಣ್ಣಿನ ಪರೀಕ್ಷೆ. ಆಮೇಲೆ ಮೆಮೊರಿ ಟೆಸ್ಟ್. ಕನ್ನಡಕ, ಹಿಯರಿಂಗ್ ಏಡ್ ಇದ್ದರೆ ಹಾಕಿಕೊಂಡೇ ಹೋಗಿ. ಟೆಸ್ಟ್ ಮಾಡುವವರಿಗೆ "ಇವರಿಗೆ ಕಿವಿ ಸ್ವಲ್ಪ ಮಂದ" ಅಂತ ಮೊದಲೇ ಹೇಳಿ. ಕನ್ನಡದಲ್ಲೇ ಮಾಡಿ ಅಂತಲೂ ಕೇಳಿ. ಬಿ12, ಥೈರಾಯ್ಡ್ ರಕ್ತಪರೀಕ್ಷೆ ಆಗಿದೆಯಾ ನೋಡಿ, ಯಾಕೆಂದರೆ ಅವುಗಳ ಕೊರತೆಯಿಂದಲೂ, ಖಿನ್ನತೆಯಿಂದಲೂ ಮರೆವು ಬಂದಂತೆ ಕಾಣುತ್ತದೆ ಮತ್ತು ಅವಕ್ಕೆ ಚಿಕಿತ್ಸೆ ಇದೆ.

ಎಲ್ಲಿಗೆ ಹೋಗಬೇಕು, ಅಲ್ಲಿ ಏನು ಮಾಡುತ್ತಾರೆ

ಮೊದಲು ಇಎನ್‌ಟಿ ಡಾಕ್ಟರ್. ನೇರವಾಗಿ ಹಿಯರಿಂಗ್ ಏಡ್ ಅಂಗಡಿಗೆ ಹೋಗಬೇಡಿ. ಗುಗ್ಗೆ ಕಟ್ಟಿಕೊಂಡು ಕಿವಿ ಮುಚ್ಚಿದ್ದರೆ ಅದನ್ನು ತೆಗೆದರೆ ಅಲ್ಲಿಗೇ ಮುಗಿಯಬಹುದು. ತಮಟೆಯಲ್ಲಿ ತೂತು, ಕಿವಿ ಸೋರುವುದು ಇದ್ದರೆ ಅದಕ್ಕೆ ಬೇರೆ ಚಿಕಿತ್ಸೆ. ದಯವಿಟ್ಟು ಮನೆಯಲ್ಲಿ ಬಿಸಿ ಎಣ್ಣೆ ಬಿಡುವುದು, ಹೇರ್‌ಪಿನ್ನು, ಬೆಂಕಿಕಡ್ಡಿ, ಬಡ್ಸ್ ಹಾಕಿ ಕೆರೆಯುವುದು ಬೇಡ. ಬಸ್‌ಸ್ಟ್ಯಾಂಡಿನಲ್ಲಿ ಕಿವಿ ಕ್ಲೀನ್ ಮಾಡುವವರ ಕೈಗಂತೂ ಕೊಡಲೇಬೇಡಿ.

ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ. ಹಿಂದೆ ಟಿಬಿಗೆ ಇಂಜೆಕ್ಷನ್ ತೆಗೆದುಕೊಂಡಿದ್ದರೆ, ಕ್ಯಾನ್ಸರ್ ಚಿಕಿತ್ಸೆ ಆಗಿದ್ದರೆ ಹೇಳಿ. ಕೆಲವು ಔಷಧಿಗಳು ಕಿವಿಗೆ ಪೆಟ್ಟು ಕೊಡುತ್ತವೆ. ಗಿರಣಿ, ಕಾರ್ಖಾನೆ, ಕಲ್ಲು ಒಡೆಯುವ ಕಡೆ ಕೆಲಸ ಮಾಡಿದ್ದರೂ ಹೇಳಿ.

ಇಎನ್‌ಟಿ ನೋಡಿದ ಮೇಲೆ ಆಡಿಯಾಲಜಿಸ್ಟ್ ಹತ್ತಿರ ಕಳಿಸುತ್ತಾರೆ. ಸದ್ದು ಬರದ ಸಣ್ಣ ರೂಮಿನಲ್ಲಿ ಹೆಡ್‌ಫೋನ್ ಹಾಕಿ, ಬೇರೆ ಬೇರೆ ಶ್ರುತಿಯ ಬೀಪ್ ಕೇಳಿಸುತ್ತಾರೆ. ಕೇಳಿಸಿದಾಗಲೆಲ್ಲ ಕೈ ಎತ್ತಬೇಕು ಇಲ್ಲವೇ ಬಟನ್ ಒತ್ತಬೇಕು. ನೋವೇನೂ ಇಲ್ಲ. ಬೀಪ್ ಜೊತೆಗೆ ಪದಗಳನ್ನು ಕೇಳಿಸಿ ವಾಪಸ್ ಹೇಳಿಸುವ ಪರೀಕ್ಷೆಯೂ ಇದೆ. ಅದನ್ನು ಬಿಟ್ಟರೆ ಕೇಳಿ ಮಾಡಿಸಿ. ಹಿರಿಯರಿಗೆ ತೊಂದರೆ ಇರುವುದೇ ಮಾತಿನಲ್ಲಿ, ಬೀಪ್‌ನಲ್ಲಿ ಅಲ್ಲ.

ಕೈಗೆ ಬರುವ ಕಾಗದದಲ್ಲಿ ಒಂದು ಗ್ರಾಫ್ ಇರುತ್ತದೆ. ಕೆಂಪು ಸೊನ್ನೆ ಬಲಗಿವಿ, ನೀಲಿ ಇಂಟು ಎಡಗಿವಿ. ಗೆರೆ ಕೆಳಗೆ ಹೋದಷ್ಟೂ ಮಂದ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 20 ಡೆಸಿಬಲ್ (ಸದ್ದಿನ ಅಳತೆ) ಒಳಗಿದ್ದರೆ ಸರಿಯಾಗಿದೆ, 20ರಿಂದ 35 ಸ್ವಲ್ಪ ಮಂದ, 35ರಿಂದ 50 ಮಧ್ಯಮ, 50ರಿಂದ 65 ಇನ್ನೂ ಸ್ವಲ್ಪ ಹೆಚ್ಚು, 65 ದಾಟಿದರೆ ತೀವ್ರ. ಈ ಕಾಗದವನ್ನು ಫೋಟೋ ತೆಗೆದಿಟ್ಟುಕೊಳ್ಳಿ. ಇದು ನಿಮ್ಮದು, ಅಂಗಡಿಯವರದ್ದಲ್ಲ. ಬೇರೆ ಕಡೆ ಮಷೀನು ತೆಗೆದುಕೊಂಡರೂ ಇದೇ ಬೇಕಾಗುತ್ತದೆ.

ಕರ್ನಾಟಕದಲ್ಲಿ ನಮಗೊಂದು ಅನುಕೂಲ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಜನ ಆಯಿಷ್ ಅನ್ನುವುದು, ಕೇಂದ್ರ ಸರ್ಕಾರದ್ದು. ದೇಶದ ಬೇರೆ ಕಡೆಯವರು ಹುಡುಕಿಕೊಂಡು ಬರುವ ಜಾಗ ಅದು. ಪರೀಕ್ಷೆಗೆ ಖರ್ಚು ಕಡಿಮೆ, ಮಷೀನು ಮಾರಲೇಬೇಕು ಅನ್ನುವ ಒತ್ತಡ ಇಲ್ಲ. ಮೈಸೂರು ದೂರವಾದರೆ ಜಿಲ್ಲಾಸ್ಪತ್ರೆಯ ಇಎನ್‌ಟಿ ವಿಭಾಗ, ಇಲ್ಲವೇ ಹತ್ತಿರದ ಮೆಡಿಕಲ್ ಕಾಲೇಜು ನೋಡಿ. ಮರೆವಿನ ವಿಷಯಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇದ್ದೇ ಇದೆ. ಎಲ್ಲಿಗೆ ಹೋಗುವುದು ಅಂತ ಗೊತ್ತಾಗದಿದ್ದರೆ 14567ಕ್ಕೆ ಫೋನ್ ಮಾಡಿ, ಅದು ಹಿರಿಯರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ.

ಒಂದು ಎಚ್ಚರಿಕೆ, ಇದನ್ನು ಮನೆಯವರಿಗೆಲ್ಲ ಹೇಳಿಡಿ. ಇದ್ದಕ್ಕಿದ್ದಂತೆ, ಒಂದೆರಡು ದಿನದೊಳಗೆ ಒಂದು ಕಿವಿ ಕೇಳಿಸದಂತಾದರೆ ಅದು ವಯಸ್ಸಲ್ಲ, ತುರ್ತು. ಶೀತ ಇರಬೇಕು ಅಂತ ವಾರ ಕಾಯಬೇಡಿ, ಅವತ್ತೇ ಇಎನ್‌ಟಿಗೆ ತೋರಿಸಿ. ಬೇಗ ಸ್ಟೀರಾಯ್ಡ್ ಶುರುಮಾಡಿದರೆ ಕಿವಿ ವಾಪಸ್ ಬರುವ ಅವಕಾಶ ಜಾಸ್ತಿ. ಜೊತೆಗೆ ಮುಖ ಸೊಟ್ಟ ಆಗಿದ್ದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಸೀದಾ ದೊಡ್ಡಾಸ್ಪತ್ರೆಗೆ ಹೋಗಿ. ಹಾಗೆಯೇ ನಿನ್ನೆಯವರೆಗೆ ಚೆನ್ನಾಗಿದ್ದವರು ಇವತ್ತು ಏನೇನೋ ಬಡಬಡಿಸುತ್ತಿದ್ದರೆ ಅದು ಡಿಮೆನ್ಷಿಯಾ ಅಲ್ಲ, ಸೋಂಕೋ ಸೋಡಿಯಂ ಕಡಿಮೆಯಾಗಿದ್ದೋ ಇರಬಹುದು. ಅದಕ್ಕೂ ಅವತ್ತೇ ಡಾಕ್ಟರ್ ಬೇಕು.

ಮಷೀನು ತೆಗೆದುಕೊಳ್ಳುವಾಗ

ಬೆಲೆ ಒಂದು ಕಿವಿಗೆ ಹತ್ತು ಹದಿನೈದು ಸಾವಿರದಿಂದ ಶುರುವಾಗಿ ಜೋಡಿಗೆ ಲಕ್ಷಗಟ್ಟಲೆ ಹೋಗುತ್ತದೆ. ಜಾಸ್ತಿ ಚಾನೆಲ್ (ಶಬ್ದವನ್ನು ಬೇರೆ ಬೇರೆ ಶ್ರುತಿಗಳಾಗಿ ವಿಂಗಡಿಸಿ ಹೊಂದಿಸುವ ಭಾಗಗಳು), ಜಾಸ್ತಿ ಬೆಲೆ ಅಂತ ಅಂಗಡಿಯವರು ಹೇಳುತ್ತಾರೆ. ದುಬಾರಿಯದರಲ್ಲಿ ಗದ್ದಲ ತಗ್ಗಿಸುವ ವ್ಯವಸ್ಥೆ ಚೆನ್ನಾಗಿರುತ್ತದೆ, ನಿಜ. ಆದರೆ ದಿನವಿಡೀ ಮನೆಯಲ್ಲಿ ನಾಲ್ಕು ಜನರ ಜೊತೆ ಇರುವ ಅಜ್ಜಿಗೆ ಮೂರು ಲಕ್ಷದ ಜೋಡಿ ಬೇಕಾ? ನನ್ನ ಮಟ್ಟಿಗೆ ಬೇಡ. ಮಧ್ಯಮ ಬೆಲೆಯದನ್ನು ಸರಿಯಾಗಿ ಹೊಂದಿಸಿ ದಿನಾ ಎಂಟು ಗಂಟೆ ಹಾಕಿಕೊಂಡರೆ, ಡಬ್ಬದಲ್ಲಿ ಮಲಗಿರುವ ಮೂರು ಲಕ್ಷಕ್ಕಿಂತ ಎಷ್ಟೋ ಮೇಲು.

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು. ಮನೆಗೆ ಒಯ್ದು ಕೆಲವು ದಿನ ಹಾಕಿ ನೋಡುವುದಕ್ಕೆ ಕೊಡುತ್ತೀರಾ? ಆಮೇಲಿನ ಹೊಂದಾಣಿಕೆಗೆ ಎಷ್ಟು ಸಲ ಬರಬಹುದು, ಅದಕ್ಕೆ ಬೇರೆ ದುಡ್ಡಾ? ಹೊಂದಿಸುವವರು ಆಡಿಯಾಲಜಿಸ್ಟಾ, ಬರೀ ಮಾರುವವರಾ? ಕಿವಿಯೊಳಗೆ ಸಣ್ಣ ಕೊಳವೆ ಇಟ್ಟು ಅಳೆದು ಹೊಂದಿಸುವ ವ್ಯವಸ್ಥೆ ನಿಮ್ಮಲ್ಲಿದೆಯಾ? ಕೊನೆಯ ಪ್ರಶ್ನೆ ಕೇಳಿದರೆ ನಿಮಗೆ ವಿಷಯ ಗೊತ್ತಿದೆ ಅಂತ ಅವರಿಗೂ ತಿಳಿಯುತ್ತದೆ, ಮಾತಿನ ಧಾಟಿಯೇ ಬದಲಾಗುತ್ತದೆ.

ಎರಡೂ ಕಿವಿ ಮಂದವಿದ್ದರೆ ಸಾಧಾರಣವಾಗಿ ಎರಡಕ್ಕೂ ಹಾಕುವುದು ಒಳ್ಳೆಯದು, ಗದ್ದಲದಲ್ಲಿ ಮಾತು ತಿಳಿಯುವುದಕ್ಕೂ ಶಬ್ದ ಯಾವ ಕಡೆಯಿಂದ ಬಂತು ಅಂತ ಗೊತ್ತಾಗುವುದಕ್ಕೂ. ದುಡ್ಡು ಸಾಲದಿದ್ದರೆ ಒಂದರಿಂದಲೇ ಶುರುಮಾಡಿ, ಯಾವ ಕಿವಿಗೆ ಅಂತ ಆಡಿಯಾಲಜಿಸ್ಟ್ ಹೇಳಲಿ. ಕಿವಿಯೊಳಗೆ ಪೂರ್ತಿ ಅಡಗುವ ಪುಟಾಣಿ ಮಾದರಿ ನೋಡಲು ಚೆಂದ, ಆದರೆ ಕೈ ನಡುಗುವವರಿಗೆ, ಕಣ್ಣು ಮಂದವಾದವರಿಗೆ ಅದನ್ನು ಹಾಕಿ ತೆಗೆಯುವುದೇ ಒಂದು ಸಾಹಸ. ಕಿವಿಯ ಹಿಂದೆ ಕೂರುವ, ಚಾರ್ಜ್ ಮಾಡುವ ಮಾದರಿ ಅವರಿಗೆ ಸಲೀಸು. ರಾತ್ರಿ ಮೊಬೈಲ್ ಚಾರ್ಜಿಗೆ ಹಾಕುವ ಕಡೆಯೇ ಅದನ್ನೂ ಇಟ್ಟರೆ ಆಯಿತು. ಕರೆಂಟ್ ಜಾಸ್ತಿ ಹೋಗುವ ಊರಾದರೆ ಮಾತ್ರ ಸೆಲ್ ಹಾಕುವುದನ್ನು ಯೋಚಿಸಿ. ಸೆಲ್ಲಿನ ಮೇಲಿನ ಸ್ಟಿಕ್ಕರ್ ಕಿತ್ತ ಮೇಲೆ ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕಬೇಕು. ಸ್ಟಿಕ್ಕರ್ ವಾಪಸ್ ಅಂಟಿಸಿದರೂ ಅದು ಖಾಲಿಯಾಗುತ್ತಲೇ ಇರುತ್ತದೆ. ಚಿಕ್ಕ ಮಕ್ಕಳ ಕೈಗೆ ಸೆಲ್ ಸಿಗಬಾರದು, ನುಂಗಿದರೆ ಜೀವಕ್ಕೇ ಅಪಾಯ.

ಆನ್‌ಲೈನಿನಲ್ಲಿ ಒಂದೆರಡು ಸಾವಿರಕ್ಕೆ ಸಿಗುವ "ಕಿವಿ ಮಷೀನು"ಗಳಲ್ಲಿ ಬಹಳಷ್ಟು ಬರೀ ಸೌಂಡ್ ಜಾಸ್ತಿ ಮಾಡುವ ಯಂತ್ರಗಳು. ಮಾತು, ಪಾತ್ರೆ ಸದ್ದು, ಹಾರ್ನು ಎಲ್ಲವನ್ನೂ ಒಟ್ಟಿಗೇ ದೊಡ್ಡದು ಮಾಡುತ್ತವೆ. ಅದನ್ನು ಹಾಕಿಕೊಂಡ ಹಿರಿಯರು ಎರಡನೇ ದಿನವೇ ತೆಗೆದಿಟ್ಟು, ಇನ್ನು ಯಾವ ಮಷೀನೂ ಬೇಡ ಅನ್ನುತ್ತಾರೆ. ದುಡ್ಡು ಹೋದದ್ದಕ್ಕಿಂತ ಅದು ದೊಡ್ಡ ನಷ್ಟ.

ಇಯರ್‌ಬಡ್‌ಗಳ ವಿಷಯ ಬೇರೆ. ಆಪಲ್‌ನವರ ಏರ್‌ಪಾಡ್ಸ್ ಪ್ರೊ 2ರಲ್ಲಿ 2024ರಲ್ಲಿ ಹಿಯರಿಂಗ್ ಏಡ್ ಸೌಲಭ್ಯ ಬಂತು, ಆದರೆ ಆಗ ಭಾರತದಲ್ಲಿ ತೆರೆದಿರಲಿಲ್ಲ. ಬೆಂಗಳೂರಿನ ಕೆಲವು ಹುಡುಗರು ತಮ್ಮ ಅಜ್ಜಿಯರಿಗೋಸ್ಕರ ಸಿಗ್ನಲ್ ತಡೆಯುವ ಒಂದು ಪೆಟ್ಟಿಗೆ ಕಟ್ಟಿ, ತಾವು ಅಮೆರಿಕದಲ್ಲಿದ್ದೇವೆ ಅಂತ ಯಂತ್ರವನ್ನು ನಂಬಿಸಿ ಅದನ್ನು ತೆರೆದಿದ್ದು ಸುದ್ದಿಯಾಗಿತ್ತು. ಮೊಮ್ಮಕ್ಕಳು ಅಂದರೆ ಹೀಗಿರಬೇಕು! ಆದರೆ ಅದು ಸ್ವಲ್ಪ ಇಲ್ಲವೇ ಮಧ್ಯಮ ಮಟ್ಟಕ್ಕೆ ಮಂದವಾದವರಿಗೆ ಮಾತ್ರ. ಫೋನ್ ಬಳಸಲು ಬಾರದವರಿಗೆ ನಾನು ಹೇಳುವುದಿಲ್ಲ.

ದುಡ್ಡಿಲ್ಲ ಅಂತ ಕೈಬಿಡಬೇಡಿ. ಬಿಪಿಎಲ್ ಕಾರ್ಡ್ ಇರುವ, ಇಲ್ಲವೇ ತಿಂಗಳ ಆದಾಯ 15,000 ರೂಪಾಯಿ ಮೀರದ, 60 ದಾಟಿದವರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಹಿಯರಿಂಗ್ ಏಡ್ ಉಚಿತ. ಇದು 2017ರಿಂದ ಇದೆ. ಜಿಲ್ಲೆಗಳಲ್ಲಿ ಶಿಬಿರ ಮಾಡಿ ಕೊಡುತ್ತಾರೆ. ನಿಮ್ಮ ಜಿಲ್ಲೆಯ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಇಲಾಖೆ ಕಚೇರಿಯಲ್ಲಿ ಮುಂದಿನ ಶಿಬಿರ ಯಾವಾಗ ಅಂತ ವಿಚಾರಿಸಿ. ಶಿಬಿರದಲ್ಲಿ ಸಿಕ್ಕಿದ್ದನ್ನು ಹಾಗೇ ಹಾಕಿಕೊಳ್ಳದೆ, ಜಿಲ್ಲಾಸ್ಪತ್ರೆಯಲ್ಲಿ ಒಮ್ಮೆ ಹೊಂದಿಸಿಕೊಡಿ ಅಂತ ಕೇಳಿ.

ಮೊದಲ ತಿಂಗಳು

ಮಷೀನು ಸೋಲುವುದು ಗೆಲ್ಲುವುದು ಎಲ್ಲ ಇಲ್ಲೇ. ಕನ್ನಡಕ ಹಾಕಿದ ಕೂಡಲೇ ಅಕ್ಷರ ಕಾಣುತ್ತದೆ, ಇದು ಹಾಗಲ್ಲ. ವರ್ಷಗಟ್ಟಲೆ ಕೇಳಿಸದೇ ಇದ್ದ ಸದ್ದುಗಳು ಒಮ್ಮೆಲೇ ಬಂದು ಬೀಳುತ್ತವೆ. ಫ್ಯಾನಿನ ಕಿರಕಿರ, ನಲ್ಲಿ ನೀರು, ಸೀರೆಯ ಸರಬರ, ಪೇಪರ್ ಮಡಿಸಿದ್ದು. ತಮ್ಮದೇ ಧ್ವನಿ ಹಂಡೆಯೊಳಗಿಂದ ಬಂದಂತೆ ಕೇಳಿಸುತ್ತದೆ. "ಇದು ಬೇಡ ನನಗೆ" ಅನ್ನುವುದು ಸಹಜ. ಮೆದುಳು ಈ ಸದ್ದುಗಳಿಗೆ ಹೊಂದಿಕೊಳ್ಳಲು ವಾರಗಳು ಬೇಕು.

ಮೊದಲ ಕೆಲವು ದಿನ ಮನೆಯೊಳಗೆ, ಒಬ್ಬರ ಜೊತೆ ಮಾತಾಡುವಾಗ, ಒಂದೆರಡು ಗಂಟೆ ಸಾಕು. ಆಮೇಲೆ ಟಿವಿ, ಆಮೇಲೆ ಬೀದಿ, ದೇವಸ್ಥಾನ, ಅಂಗಡಿ. ಮದುವೆ ಮನೆಗೆ ಮೊದಲ ದಿನವೇ ಹಾಕಿಸಿಕೊಂಡು ಹೋಗಬೇಡಿ. ಎಲ್ಲಿ ಕೇಳಿಸಲಿಲ್ಲ, ಯಾವ ಸದ್ದು ಚುಚ್ಚಿತು ಅಂತ ಒಂದು ಕಾಗದದಲ್ಲಿ ಬರೆದಿಡಿ. ಅದನ್ನು ತೋರಿಸಿದರೆ ಆಡಿಯಾಲಜಿಸ್ಟ್ ಸರಿಹೊಂದಿಸುವುದು ಸುಲಭ, ಬರೀ "ಸರಿಯಿಲ್ಲ" ಅಂದರೆ ಅವರಿಗೂ ಏನೂ ತಿಳಿಯುವುದಿಲ್ಲ. ಇತ್ತೀಚಿನ ಬಹಳಷ್ಟು ಮಷೀನುಗಳು ದಿನಕ್ಕೆ ಎಷ್ಟು ಗಂಟೆ ಹಾಕಿದ್ದಾರೆ ಅಂತ ಲೆಕ್ಕ ಇಟ್ಟಿರುತ್ತವೆ. ತೋರಿಸಿ ಅಂತ ಕೇಳಿ. "ದಿನಾ ಹಾಕ್ತೀನಿ" ಅನ್ನುವ ಅಪ್ಪಂದಿರ ಗುಟ್ಟು ಅಲ್ಲಿ ರಟ್ಟಾಗುತ್ತದೆ.

ಕುಯ್ಯ್ ಅಂತ ಸಿಳ್ಳೆ ಬಂದರೆ ಸರಿಯಾಗಿ ಕೂತಿಲ್ಲ, ಇಲ್ಲವೇ ಗುಗ್ಗೆ ಇದೆ ಅಂತ. ತಲೆಗೆ ಎಣ್ಣೆ ಹಚ್ಚುವಾಗ, ಸ್ನಾನ ಮಾಡುವಾಗ, ಮಲಗುವಾಗ ತೆಗೆದಿಡಬೇಕು. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ ಇಡಿ, ತೇವಕ್ಕೆ ಬೇಗ ಕೆಡುತ್ತದೆ. ಒಣಗಲಿ ಅಂತ ಬಿಸಿಲಿಗೆ, ಒಲೆ ಪಕ್ಕ ಇಡಬೇಡಿ. ತುದಿಯನ್ನು ದಿನಾ ಒಣಬಟ್ಟೆಯಲ್ಲಿ ಒರೆಸಿ.

ಹಾಕಿಕೊಳ್ಳಲು ಒಪ್ಪಿಸುವುದು ಹೇಗೆ ಅನ್ನುವುದೇ ತುಂಬ ಮನೆಗಳ ಕಷ್ಟ, ಅಲ್ವಾ? "ಹಾಕಿಕೊಳ್ಳದಿದ್ದರೆ ತಲೆ ಕೆಡುತ್ತೆ" ಅಂತ ಹೆದರಿಸಬೇಡಿ. ಅದರಿಂದ ಹಟ ಜಾಸ್ತಿಯಾಗುತ್ತದೆ, ಹೆದರಿಕೆ ಉಳಿಯುತ್ತದೆ, ಮಷೀನು ಮಾತ್ರ ಡಬ್ಬದಲ್ಲೇ ಇರುತ್ತದೆ. ಅವರಿಗೆ ಬೇಕಾದ ಒಂದು ಸದ್ದನ್ನು ಹಿಡಿಯಿರಿ. ಮೊಮ್ಮಗಳ ಫೋನ್, ಹರಿಕಥೆ, ಕ್ರಿಕೆಟ್ ಕಾಮೆಂಟರಿ, ಸಂಜೆಯ ಭಜನೆ, ಏನೇ ಆಗಲಿ. "ಇದಕ್ಕೆ ಮಾತ್ರ ಹಾಕ್ಕೊಳ್ಳಿ" ಅನ್ನಿ. ಅಲ್ಲಿಂದ ತಾನಾಗಿ ಮುಂದೆ ಹೋಗುತ್ತದೆ.

ನಾವು ಮಾತಾಡುವ ರೀತಿ

ಕೂಗಬೇಡಿ. ಕೂಗಿದರೆ ಸ್ವರಗಳು ದೊಡ್ಡದಾಗುತ್ತವೆ, ವ್ಯಂಜನಗಳು ಮುಚ್ಚಿಹೋಗುತ್ತವೆ, ಮುಖ ಸಿಟ್ಟಾಗಿ ಕಾಣುತ್ತದೆ. ಮೊದಲು "ಅಮ್ಮ" ಅಂತ ಕರೆದು, ತಿರುಗಿ ನೋಡಿದ ಮೇಲೆ ವಿಷಯ ಹೇಳಿ. ಮಿಕ್ಸಿ ತಿರುಗುವಾಗ, ಕುಕ್ಕರ್ ಕೂಗುವಾಗ ಮುಖ್ಯ ವಿಷಯ ಬೇಡ. ಒಂದು ಸಲ ತಿಳಿಯದಿದ್ದರೆ ಅದನ್ನೇ ಮೂರು ಸಲ ಹೇಳದೆ ಬೇರೆ ಪದದಲ್ಲಿ ಹೇಳಿ. "ಔಷಧಿ ತಗೊಂಡ್ರಾ" ತಿಳಿಯದಿದ್ದರೆ "ಬಿಪಿ ಮಾತ್ರೆ ನುಂಗಿದ್ರಾ" ಅನ್ನಿ. ಊಟಕ್ಕೆ ಕೂತಾಗ ಅವರ ಬೆನ್ನು ಗೋಡೆಗೆ, ಮುಖ ಎಲ್ಲರ ಕಡೆಗೆ ಇರುವ ಜಾಗ ಕೊಡಿ. ಮತ್ತೆ ಒಂದು ಮಾತು, "ಏನಿಲ್ಲ ಬಿಡಿ" ಅಂತ ಹೇಳುವುದನ್ನು ಇವತ್ತೇ ನಿಲ್ಲಿಸಿ. ಏನಂದ್ರಿ ಅಂತ ಕೇಳಿದವರಿಗೆ ಅದು ಬಾಗಿಲು ಹಾಕಿದ ಹಾಗೆ.

ಡಿಮೆನ್ಷಿಯಾ ಮೊದಲೇ ಇದ್ದರೆ

ಆಗಲೂ ಕಿವಿ ನೋಡಿಸಿ. ಕಾಯಿಲೆ ವಾಸಿಯಾಗುವುದಿಲ್ಲ, ಆದರೆ ಮಾತು ತಲುಪಿದರೆ ಗಾಬರಿ, ಸಿಟ್ಟು, ಅನುಮಾನ ಕಡಿಮೆಯಾಗುವುದು ಎಷ್ಟೋ ಮನೆಗಳಲ್ಲಿ ಕಾಣುತ್ತದೆ. "ನನ್ನ ಬಗ್ಗೆಯೇ ಏನೋ ಪಿಸುಗುಡ್ತಿದ್ದಾರೆ" ಅನ್ನುವ ಅನುಮಾನಕ್ಕೆ ಅರ್ಧ ಕಾರಣ ಕೇಳಿಸದಿರುವುದೂ ಇರಬಹುದು. ಇಂಥವರಿಗೆ ಮಷೀನು ಹಾಕುವ, ತೆಗೆಯುವ, ಚಾರ್ಜ್ ಮಾಡುವ ಕೆಲಸ ಮನೆಯ ಒಬ್ಬರದ್ದೇ ಆಗಿರಲಿ, ದಿನಾ ಒಂದೇ ಹೊತ್ತಿಗೆ, ಬೆಳಗಿನ ಕಾಫಿಯ ಜೊತೆ. ಅಂಗಿಗೆ ಸಿಕ್ಕಿಸುವ ದಾರ ಸಿಗುತ್ತದೆ, ಅದನ್ನು ಹಾಕಿ, ಇಲ್ಲದಿದ್ದರೆ ಮಷೀನು ತಟ್ಟೆಯಲ್ಲೋ ಬಟ್ಟೆ ಒಗೆಯುವ ಬಕೆಟ್ಟಿನಲ್ಲೋ ಸಿಗುತ್ತದೆ. ಸೆಲ್ ಇರುವುದಾದರೆ ಅವರ ಕೈಗೆ ಸಿಗದಂತೆ ಇಡಿ, ಮಾತ್ರೆ ಅಂತ ನುಂಗುವ ಅಪಾಯ ಇದೆ. ಹಾಕಿಕೊಳ್ಳಲು ಒಪ್ಪದೆ ಕಿತ್ತು ಬಿಸಾಡುತ್ತಿದ್ದರೆ ಜಗಳ ಬೇಡ. ಆಗ ಮುಖ ತೋರಿಸಿ ಹತ್ತಿರ ಕೂತು ಮಾತಾಡುವುದೇ ಮಷೀನು.

ಇನ್ನು ತೀವ್ರ ಮಂದವಾಗಿ ಹಿಯರಿಂಗ್ ಏಡ್‌ನಿಂದ ಉಪಯೋಗ ಆಗದವರಿಗೆ ಒಳಗಿವಿಗೆ ಒಂದು ಯಂತ್ರ ಕೂರಿಸುವ, ಕಾಕ್ಲಿಯರ್ ಇಂಪ್ಲಾಂಟ್ ಅನ್ನುವ ಆಪರೇಷನ್ ಇದೆ. ವಯಸ್ಸಾಯಿತು ಅನ್ನುವ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕಬೇಕಿಲ್ಲ, ಇಎನ್‌ಟಿ ಹತ್ತಿರ ಕೇಳಿ.

ಕಿವಿ ಪರೀಕ್ಷೆ ವರ್ಷಕ್ಕೊಮ್ಮೆ ಮಾಡಿಸಿ, ಶುಗರ್ ಟೆಸ್ಟಿನ ಜೊತೆಗೇ ಹಾಕಿಕೊಂಡರೆ ನೆನಪಿರುತ್ತದೆ. ಮಷೀನು ಹಾಕಿದವರು ಆರು ತಿಂಗಳಿಗೊಮ್ಮೆ ಗುಗ್ಗೆ ನೋಡಿಸಿಕೊಂಡು, ಸೆಟ್ಟಿಂಗ್ ಸರಿಮಾಡಿಸಿಕೊಳ್ಳಬೇಕು. ಹೋಗುವಾಗ ಹಳೆಯ ಗ್ರಾಫ್ ಒಯ್ಯಿರಿ.